ಬಾಯ್ಲರ್ ಹೊಗೆಗೆ ಯಾರಿಗೆ ದೂರು, ಲಾರಿ ಹೊಗೆಗೆ ಯಾರಿಗೆ? ಲ್ಯಾಬ್ ವರದಿ ಓದುವುದು ಹೇಗೆ?

ತಾರಸಿಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡ ಒಂದು ಬಡಾವಣೆಯ ವಿಚಾರ. ಪಕ್ಕದ ರಸ್ತೆಯಲ್ಲಿ ಬಟ್ಟೆ ವಾಷಿಂಗ್ ಘಟಕ ಇದೆ. ಗಂಟೆಗೆ ಒಂದೂವರೆ ಟನ್ ಹಬೆ ಕೊಡುವ ಬಾಯ್ಲರ್, ಸೌದೆ ಮತ್ತು ಬ್ರಿಕೆಟ್ (ಒತ್ತಿ ಮಾಡಿದ ಇಂಧನದ ಗಟ್ಟಿ) ಉರಿಸುತ್ತಾರೆ. ಬೆಳಗಿನ ಜಾವ 5ರಿಂದ 6ರವರೆಗೆ ಕಪ್ಪು ಹೊಗೆ, ಆಮೇಲೆ ತೆಳುವಾಗುತ್ತದೆ. ಒಣಗಲು ಹಾಕಿದ ಬಟ್ಟೆ ಮೇಲೆ ಮಸಿ ಚೂರು ಬೀಳುತ್ತದೆ.

ಕೇಳಿದರೆ ಖಾಸಗಿ ಲ್ಯಾಬ್ ವರದಿ ತೋರಿಸುತ್ತಾರೆ: ಕಣಗಳು ಪ್ರತಿ ಘನ ಮೀಟರಿಗೆ 108 ಮಿ.ಗ್ರಾಂ, ಮಿತಿ 150, "ಮಿತಿಯೊಳಗಿದೆ". ಸಮೀರ್ ಆ್ಯಪ್‌ನಲ್ಲಿ ಪೀಣ್ಯ ಕೇಂದ್ರದ ಎಕ್ಯೂಐ (ವಾಯು ಗುಣಮಟ್ಟ ಸೂಚ್ಯಂಕ) ನೋಡಿದರೆ ಅದೂ "ತೃಪ್ತಿಕರ". ಜೊತೆಗೆ ರಾತ್ರಿ ಇಡೀ ಹಳೆ ಲಾರಿ, ಟೆಂಪೋಗಳ ಹೊಗೆ ಬೇರೆ.

ಕೇಳಬೇಕಾದ್ದು ಇಷ್ಟು. ಎರಡಕ್ಕೂ ಮಾಲಿನ್ಯ ನಿಯಂತ್ರಣ ಮಂಡಳಿಗೇ ದೂರು ಕೊಡಬೇಕಾ? ಕಣ್ಣಿಗೆ ಕಾಣುವ ಹೊಗೆ ವರದಿಯಲ್ಲಿ ಯಾಕೆ ಕಾಣುವುದಿಲ್ಲ? ದೂರಿನಲ್ಲಿ ಏನು ಬರೆದರೆ ಕೆಲಸ ಮುಂದಕ್ಕೆ ಹೋಗುತ್ತದೆ?

ಚಿಮಣಿ ಅಳತೆ (ಉತ್ತರ)

ಮೊದಲು ಆ ವರದಿಯನ್ನೇ ಓದೋಣ. 108 ಅನ್ನುವ ಅಂಕಿಯನ್ನಷ್ಟೇ ಹಿಡಿದು ಏನೂ ಹೇಳಲಾಗದು. ಅದೇ ಹಾಳೆಯಲ್ಲಿ ಸಿಒ2 (ಇಂಗಾಲದ ಡೈಆಕ್ಸೈಡ್) ಶೇಕಡಾ ಎಷ್ಟು ಎಂದು ಇರಬೇಕು, ಅದನ್ನು ನೋಡಿ. ಬಾಯ್ಲರ್ ಚಿಮಣಿಯ ಕಣಗಳನ್ನು 12% ಸಿಒ2ಗೆ ಸರಿಹೊಂದಿಸಿಯೇ ಮಿತಿಯ ಜೊತೆ ಹೋಲಿಸಬೇಕು ಎಂದು ಪರಿಸರ ಸಂರಕ್ಷಣಾ ನಿಯಮಗಳ ಒಂದನೇ ಅನುಸೂಚಿ ಹೇಳುತ್ತದೆ. ಯಾಕೆಂದರೆ ಹೊಗೆಗೆ ಹೆಚ್ಚುವರಿ ಗಾಳಿ ಬೆರೆತರೆ, ಹೊರಗೆ ಹೋಗುವ ಮಸಿ ಅಷ್ಟೇ ಇದ್ದರೂ ಪ್ರತಿ ಘನ ಮೀಟರಿನ ಅಂಕಿ ಇಳಿಯುತ್ತದೆ. ಬೂದಿ ಬಾಗಿಲು ಅರ್ಧ ತೆರೆದಿದ್ದರೆ ಸಾಕು, ಹೊಗೆ ಕೊಳವೆಯ (ಡಕ್ಟ್) ಜೋಡಣೆಯ ಪ್ಯಾಕಿಂಗ್ ಹೋಗಿದ್ದರೆ ಸಾಕು. ಬೇಕೆಂದೇ ಮಾಡಬೇಕಿಲ್ಲ. ಲೆಕ್ಕ ಸುಲಭ: ಅಳೆದ ಅಂಕಿಯನ್ನು 12ರಿಂದ ಗುಣಿಸಿ, ಅಳೆದ ಸಿಒ2 ಶೇಕಡಾದಿಂದ ಭಾಗಿಸಿ. ಸಿಒ2 ಕಾಲಂ ಖಾಲಿ ಇದ್ದರೆ ಆ ವರದಿಯಿಂದ "ಮಿತಿಯೊಳಗಿದೆ" ಎಂಬ ತೀರ್ಮಾನಕ್ಕೆ ಬರುವ ಹಾಗೇ ಇಲ್ಲ.

ಎರಡನೆಯದು, ಸ್ಯಾಂಪಲ್ ತೆಗೆಯುವ ರಂಧ್ರ (ಪೋರ್ಟ್ ಹೋಲ್) ಎಲ್ಲಿದೆ. ಚಿಮಣಿಯೊಳಗೆ ಕೊನೆಯ ತಿರುವು ದಾಟಿ ವ್ಯಾಸದ 8 ಪಟ್ಟು ಮೇಲೆ, ಮೇಲ್ತುದಿಯಿಂದ ವ್ಯಾಸದ 2 ಪಟ್ಟು ಕೆಳಗೆ ಪೋರ್ಟ್ ಹೋಲ್ ಇರಬೇಕು. ಅರ್ಧ ಮೀಟರ್ ವ್ಯಾಸದ ಚಿಮಣಿಗೆ ಅಂದರೆ ತಿರುವಿನಿಂದ 4 ಮೀಟರ್ ಮೇಲೆ, ತುದಿಯಿಂದ 1 ಮೀಟರ್ ಕೆಳಗೆ. ನಿಲ್ಲಲು ಪ್ಲಾಟ್‌ಫಾರಂ, ಹತ್ತಲು ಗಟ್ಟಿ ಏಣಿ ಬೇಕು. ಏಣಿ ಇಲ್ಲದ ಕಡೆ ಲ್ಯಾಬ್ ಹುಡುಗರು ಕೆಳಗಿನ ಡಕ್ಟ್‌ಗೇ ಪ್ರೋಬ್ ತೂರಿಸುವುದುಂಟು. ಅಲ್ಲಿ ಹೊಗೆ ಸುಳಿ ಸುತ್ತುತ್ತಿರುತ್ತದೆ, ಕಣಗಳು ಒಂದು ಪಕ್ಕಕ್ಕೆ ತಳ್ಳಿಸಿಕೊಂಡಿರುತ್ತವೆ. ಬಂದ ಅಂಕಿ ಹೆಚ್ಚೋ ಕಡಿಮೆಯೋ, ನಂಬುವ ಹಾಗಿಲ್ಲ.

ಮೂರನೆಯದು ಐಸೊಕೈನೆಟಿಕ್, ಅಂದರೆ ಹೊಗೆಯ ವೇಗದಲ್ಲೇ ಸ್ಯಾಂಪಲ್ ಎಳೆಯುವ ವಿಚಾರ. ಚಿಮಣಿಯಲ್ಲಿ ಹೊಗೆ ಸೆಕೆಂಡಿಗೆ 8 ಮೀಟರ್ ವೇಗದಲ್ಲಿದ್ದರೆ ನಾಝಲ್ ಬಾಯಲ್ಲೂ ಅದೇ ವೇಗದಲ್ಲಿ ಎಳೆಯಬೇಕು. ಹೆಚ್ಚು ವೇಗದಲ್ಲಿ ಎಳೆದರೆ ದಪ್ಪ ಕಣಗಳು ತಮ್ಮ ಜಡತ್ವದಿಂದ ನಾಝಲ್ ತಪ್ಪಿಸಿ ನೇರ ಹೋಗುತ್ತವೆ, ಫಲಿತಾಂಶ ಕಡಿಮೆ ಬರುತ್ತದೆ. ನಿಧಾನ ಎಳೆದರೆ ಉಲ್ಟಾ. ವರದಿಯಲ್ಲಿ ಹೊಗೆಯ ತಾಪಮಾನ, ವೇಗ, ನಾಝಲ್ ವ್ಯಾಸ, ಎಳೆದ ಗಾಳಿಯ ಪ್ರಮಾಣ, ತಿಂಬಲ್‌ನ (ಕಣ ಹಿಡಿಯುವ ಫಿಲ್ಟರ್) ಮೊದಲ ಮತ್ತು ಕೊನೆಯ ತೂಕ ಇವೆಲ್ಲ ಇದ್ದರೆ ಯಾರು ಬೇಕಾದರೂ ಲೆಕ್ಕ ತಾಳೆ ನೋಡಬಹುದು. ಒಂದೇ ಸಾಲಿನ ಫಲಿತಾಂಶ ಕೊಟ್ಟಿದ್ದರೆ ಫೀಲ್ಡ್ ಡೇಟಾ ಹಾಳೆ ಕೇಳಿ.

ಎಲ್ಲಕ್ಕಿಂತ ಮುಖ್ಯ, ಯಾವ ಹೊತ್ತಿನಲ್ಲಿ ಅಳೆದರು, ಬಾಯ್ಲರ್ ಎಷ್ಟು ಲೋಡ್‌ನಲ್ಲಿತ್ತು ಎಂಬುದು. ಬೆಂಕಿ ಸ್ಥಿರವಾಗಿ, ಹಬೆಗೆ ಬೇಡಿಕೆ ಕಡಿಮೆ ಇರುವ ಮಧ್ಯಾಹ್ನದ ಹೊತ್ತು ತೆಗೆದ ಸ್ಯಾಂಪಲ್ ನಿಮ್ಮ ಬೆಳಗಿನ 5 ಗಂಟೆಯ ಹೊಗೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇನ್ನು ಎಕ್ಯೂಐ. ಕಣಗಳ ಮಟ್ಟಿಗೆ ಅದು ಪಿಎಂ 10, ಪಿಎಂ 2.5ರ (10 ಮತ್ತು 2.5 ಮೈಕ್ರಾನ್‌ವರೆಗಿನ ಕಣಗಳ) 24 ಗಂಟೆಗಳ ಸರಾಸರಿಯಿಂದ ಬರುತ್ತದೆ. ಒಂದು ಗಂಟೆಯ ಕಪ್ಪು ಹೊಗೆ ಉಳಿದ 23 ಗಂಟೆಗಳಲ್ಲಿ ಕರಗಿಹೋಗುತ್ತದೆ. ಅಲ್ಲದೆ ಬಟ್ಟೆ ಮೇಲೆ ಬೀಳುವ, ಕಣ್ಣಿಗೆ ಕಾಣುವ ಮಸಿ ಚೂರು 10 ಮೈಕ್ರಾನ್‌ಗಿಂತ ಎಷ್ಟೋ ದೊಡ್ಡದು. ಪಿಎಂ 10 ಯಂತ್ರದ ಬಾಯಲ್ಲೇ ಅಂಥದ್ದನ್ನು ಬೇರ್ಪಡಿಸಿ ಬಿಡುತ್ತಾರೆ. ನಿಮ್ಮ ತಾರಸಿಯ ಮಸಿ ಎಕ್ಯೂಐ ಲೆಕ್ಕಕ್ಕೆ ಸೇರುವುದೇ ಇಲ್ಲ. ಆದ್ದರಿಂದ ದೂರಿನಲ್ಲಿ ಎಕ್ಯೂಐ ಎತ್ತಬೇಡಿ, ನಿಮ್ಮ ವಿಷಯಕ್ಕೆ ಅದು ಸಾಕ್ಷಿಯಲ್ಲ, ಎದುರಿನವರಿಗೂ ಅಲ್ಲ.

ಸಮ್ಮತಿಪತ್ರ (ಉತ್ತರ)

ಮೇಲಿನವರು ಅಳತೆಯ ಬಗ್ಗೆ ಚೆನ್ನಾಗಿ ಬರೆದಿದ್ದಾರೆ. ನಾನು ಕಾನೂನು ಮತ್ತು ಕಚೇರಿಯ ದಾರಿ ಹೇಳುತ್ತೇನೆ.

ಬಾಯ್ಲರ್ ಹೊಗೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. 1981ರ ವಾಯು ಕಾಯ್ದೆಯ 21ನೇ ಕಲಂ ಪ್ರಕಾರ ಘಟಕ ಶುರು ಮಾಡುವ ಮುಂಚೆ ಸಿಎಫ್‌ಇ (ಸ್ಥಾಪನೆಗೆ ಸಮ್ಮತಿ), ನಡೆಸಲು ಸಿಎಫ್‌ಒ (ಕಾರ್ಯಾಚರಣೆಗೆ ಸಮ್ಮತಿ) ಬೇಕು. ಅರ್ಜಿ ಬಂದ 4 ತಿಂಗಳೊಳಗೆ ಮಂಡಳಿ ತೀರ್ಮಾನಿಸಬೇಕು. ಈ ಸಿಎಫ್‌ಒ ಆದೇಶವೇ ನಿಮಗೆ ಬೇಕಾದ ಮೂಲ ದಾಖಲೆ. ಬಾಯ್ಲರ್ ಸಾಮರ್ಥ್ಯ, ಉರಿಸಬೇಕಾದ ಇಂಧನ, ಚಿಮಣಿ ಎತ್ತರ, ಹಾಕಬೇಕಾದ ನಿಯಂತ್ರಣ ಉಪಕರಣ, ಕಣಗಳ ಮಿತಿ, ಎಷ್ಟು ತಿಂಗಳಿಗೊಮ್ಮೆ ಅಳೆಯಬೇಕು ಎಲ್ಲವೂ ಅದರಲ್ಲಿ ಇರುತ್ತದೆ. "ಹೊಗೆ ಬರುತ್ತಿದೆ, ಕ್ರಮ ಕೈಗೊಳ್ಳಿ" ಎಂಬ ದೂರು ಒಂದು ಭೇಟಿ, ಒಂದು ಪತ್ರದಲ್ಲಿ ಮುಗಿಯುತ್ತದೆ. "ಆದೇಶದ ಇಂಥ ಷರತ್ತಿನ ಉಲ್ಲಂಘನೆ, ಇಂಥ ಹೊತ್ತಿನಲ್ಲಿ" ಎಂದು ಬರೆದರೆ ಅಧಿಕಾರಿ ಆ ಷರತ್ತಿಗೆ ಉತ್ತರ ಬರೆಯಲೇಬೇಕಾಗುತ್ತದೆ.

ಮಿತಿಯ ಬಗ್ಗೆ ಒಂದು ಕಹಿ ಸತ್ಯ ಹೇಳಲೇಬೇಕು. ಗಂಟೆಗೆ 2 ಟನ್‌ಗಿಂತ ಸಣ್ಣ ಬಾಯ್ಲರಿಗೆ ಕೇಂದ್ರದ ಸಾಮಾನ್ಯ ಮಿತಿ 1200 ಮಿ.ಗ್ರಾಂ. 2ರಿಂದ 10 ಟನ್‌ವರೆಗೆ 800, 10ರಿಂದ 15ಕ್ಕೆ 600, ಅದರ ಮೇಲಕ್ಕೆ ಮಾತ್ರ 150. ಊರೊಳಗೆ, ಮನೆಗಳ ಮಧ್ಯೆ ಇರುವುದು ಹೆಚ್ಚಾಗಿ ಸಣ್ಣ ಬಾಯ್ಲರುಗಳೇ, ಸಡಿಲ ಮಿತಿ ಇರುವುದೂ ಅವುಗಳಿಗೇ. ಇದು ಬದಲಾಗಬೇಕಾದ ನಿಯಮ. ಆದರೆ ಸಮ್ಮತಿ ಆದೇಶದಲ್ಲಿ ಮಂಡಳಿ ಬಿಗಿ ಮಿತಿ ಹಾಕಬಹುದು. ಹಾಕಿದ್ದರೆ ಘಟಕಕ್ಕೆ ಅನ್ವಯಿಸುವುದು ಅದೇ. ಲ್ಯಾಬ್ ವರದಿ 150 ಎಂದು ಬರೆದಿದೆ ಅಂದರೆ ಆದೇಶದಲ್ಲೂ 150 ಇರುವ ಸಾಧ್ಯತೆ ಹೆಚ್ಚು. ಖಚಿತ ಮಾಡಿಕೊಳ್ಳಿ.

ಚಿಮಣಿ ಎತ್ತರವನ್ನೂ ನೋಡಿ. 2 ಟನ್‌ಗಿಂತ ಕಡಿಮೆ ಇದ್ದರೆ 9 ಮೀಟರ್, ಇಲ್ಲವೇ ಪಕ್ಕದ ಕಟ್ಟಡದ ಎರಡೂವರೆ ಪಟ್ಟು, ಎರಡರಲ್ಲಿ ಯಾವುದು ಹೆಚ್ಚೋ ಅದು. ಸುತ್ತ ಶೀಟಿನ ಶೆಡ್‌ಗಳಿದ್ದಾಗ ಸರಿಯಿದ್ದ ಚಿಮಣಿ, ನಾಲ್ಕು ಮಹಡಿ ಕಟ್ಟಡ ಎದ್ದ ಮೇಲೆ ಗಿಡ್ಡವಾಗಿರುತ್ತದೆ. ಫರ್ನೇಸ್ ಆಯಿಲ್ ಉರಿಸುವ ಕಡೆ ಇನ್ನೊಂದು ಸೂತ್ರವಿದೆ: ಗಂಟೆಗೆ ಹೊರಬರುವ ಸಲ್ಫರ್ ಡೈಆಕ್ಸೈಡ್ ಕೆ.ಜಿ.ಯ 0.3ನೇ ಘಾತವನ್ನು 14ರಿಂದ ಗುಣಿಸಬೇಕು. 3% ಗಂಧಕದ ಎಣ್ಣೆ ಗಂಟೆಗೆ 100 ಕೆ.ಜಿ. ಉರಿದರೆ 6 ಕೆ.ಜಿ. ಸಲ್ಫರ್ ಡೈಆಕ್ಸೈಡ್, ಚಿಮಣಿ ಸುಮಾರು 24 ಮೀಟರ್. ಜನರೇಟರ್ ಇದ್ದರೆ ಅದು ಬೇರೆ: ಕಟ್ಟಡದ ಎತ್ತರದ ಮೇಲೆ ಕೆವಿಎಯ ವರ್ಗಮೂಲದ 0.2 ಪಟ್ಟು. 250 ಕೆವಿಎಗೆ ಕಟ್ಟಡಕ್ಕಿಂತ 3.2 ಮೀಟರ್ ಮೇಲೆ.

ದಾಖಲೆ ಪಡೆಯುವುದು ಹೇಗೆ ಅಂದರೆ, ಮಂಡಳಿಯ ಪ್ರಾದೇಶಿಕ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯ, 150 ಪದಗಳ ಒಳಗೆ. ಇದನ್ನು ಮರೆತು ಮೂರು ಪುಟ ಬರೆದವರ ಅರ್ಜಿ ವಾಪಸ್ ಬರುತ್ತದೆ. ಚಾಲ್ತಿಯಲ್ಲಿರುವ ಸಿಎಫ್‌ಒ ಪ್ರತಿ, ಕಳೆದ ಎರಡು ವರ್ಷದ ಚಿಮಣಿ ಮಾಪನ ವರದಿಗಳು, ಪರಿಶೀಲನಾ ವರದಿಗಳು, ಕೊಟ್ಟ ನೋಟಿಸುಗಳು ಇಷ್ಟು ಕೇಳಿದರೆ ಸಾಕು. ಯಾಕೆ, ಹೇಗೆ ಎಂಬ ಪ್ರಶ್ನೆಗಳನ್ನು ಅರ್ಜಿಯಲ್ಲಿ ಹಾಕಬೇಡಿ, ದಾಖಲೆ ಮಾತ್ರ ಕೇಳಿ.

ಖಾಸಗಿ ಲ್ಯಾಬ್ ವರದಿ ಘಟಕದ ಸ್ವಯಂ ಮಾಪನ, ಅಷ್ಟೇ. ಕಾನೂನು ಕ್ರಮಕ್ಕೆ ಬೇಕಾದದ್ದು 26ನೇ ಕಲಂ ಪ್ರಕಾರ ಮಂಡಳಿಯೇ ತೆಗೆದ ಸ್ಯಾಂಪಲ್: ಘಟಕದವರಿಗೆ ನೋಟಿಸ್ ಕೊಟ್ಟು, ಅವರ ಎದುರು ತೆಗೆದು, ಸೀಲ್ ಮಾಡಿ, ಎರಡೂ ಕಡೆ ಸಹಿ ಹಾಕಿ, ಲ್ಯಾಬಿಗೆ ಕಳಿಸಬೇಕು. ಈ ಕ್ರಮದಲ್ಲಿ ಒಂದು ಹೆಜ್ಜೆ ತಪ್ಪಿದರೂ ಆ ಫಲಿತಾಂಶ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ದೂರಿನಲ್ಲಿ ಈ ಕಲಂ ಹೆಸರಿಸಿ, ಹೊಗೆ ಬರುವ ಹೊತ್ತಲ್ಲೇ ಸ್ಯಾಂಪಲ್ ತೆಗೆಯಿರಿ ಎಂದು ಕೇಳಿ.

ಉಲ್ಲಂಘನೆ ಖಚಿತವಾದರೆ ನೋಟಿಸ್, ವಿಚಾರಣೆ, ಆಮೇಲೆ 31ಎ ಕಲಂ ಅಡಿ ನಿರ್ದೇಶನ. ಅದರಲ್ಲಿ ಮುಚ್ಚುವ ಆದೇಶ, ಬೆಸ್ಕಾಂಗೆ ವಿದ್ಯುತ್ ಕಡಿತದ ಸೂಚನೆ ಎರಡೂ ಸಾಧ್ಯ. 2024ರ ಏಪ್ರಿಲ್‌ನಿಂದ ಜನ ವಿಶ್ವಾಸ ತಿದ್ದುಪಡಿ ಜಾರಿಗೆ ಬಂದು, ಹೆಚ್ಚಿನ ಉಲ್ಲಂಘನೆಗಳಿಗೆ ಜೈಲಿನ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂದಿದೆ, ವಿಧಿಸುವವರು ನ್ಯಾಯನಿರ್ಣಯ ಅಧಿಕಾರಿ. ಅದಲ್ಲದೆ ಪರಿಸರ ಪರಿಹಾರ ಅಂತ ಪ್ರತ್ಯೇಕ ವಸೂಲಿ ಇದೆ. ಕೇಂದ್ರ ಮಂಡಳಿಯ ಸೂತ್ರದಲ್ಲಿ ಮಧ್ಯಮ ಮಾಲಿನ್ಯದ ಕಿತ್ತಳೆ ವರ್ಗದ ಘಟಕಕ್ಕೆ 50, ರೂಪಾಯಿ ಅಂಶ 250, ಸಣ್ಣ ಘಟಕಕ್ಕೆ 0.5, ಜನಸಂಖ್ಯೆ 50 ಲಕ್ಷದಿಂದ 1 ಕೋಟಿ ಇರುವ ನಗರಕ್ಕೆ 1.5. ಗುಣಿಸಿದರೆ ದಿನಕ್ಕೆ 9,375 ರೂಪಾಯಿ. ಉಲ್ಲಂಘನೆಯ ದಿನಗಳನ್ನು ಎಣಿಸುವುದರಿಂದ ನಿಮ್ಮ ದೂರಿನ ದಿನಾಂಕಕ್ಕೆ ಬೆಲೆ ಇದೆ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮಂಡಳಿಗಳು ಹೀಗೆ ಪರಿಹಾರ ವಸೂಲಿ ಮಾಡಬಹುದು ಎಂದು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ, ಅದಕ್ಕೆ ನಿಯಮಾವಳಿ ಇರಬೇಕು ಎಂಬ ಷರತ್ತಿನೊಂದಿಗೆ.

ಬಾಯ್ಲರ್ ಮನೆ (ಉತ್ತರ)

ಬೆಳಗ್ಗೆ ಒಂದು ಗಂಟೆ ಮಾತ್ರ ಕಪ್ಪು ಹೊಗೆ ಅಂದರೆ ಕಾರಣ ಬಹುಮಟ್ಟಿಗೆ ಗೊತ್ತಾದಂತೆ. ತಣ್ಣಗಿರುವ ಕುಲುಮೆಗೆ ಒಮ್ಮೆಲೇ ಸೌದೆ ತುಂಬಿ, ಹೊಗೆ ಎಳೆಯುವ ಐಡಿ ಫ್ಯಾನಿನ ಡ್ಯಾಂಪರ್ (ಗಾಳಿ ತಡೆಯುವ ಕದ) ಅರ್ಧ ಮುಚ್ಚಿಟ್ಟು ಹಬೆ ಏರಿಸುತ್ತಾರೆ. ಗಾಳಿ ಸಾಲದೆ ಇಂಗಾಲ ಪೂರ್ತಿ ಉರಿಯುವುದಿಲ್ಲ. ಜೊತೆಗೆ ಸೌದೆ ಹಸಿಯಾಗಿರುತ್ತದೆ. ಈಗಷ್ಟೇ ಕಡಿದ ಮರದಲ್ಲಿ ತೂಕದ ಅರ್ಧದಷ್ಟು ನೀರೇ ಇರುತ್ತದೆ, ಒಲೆಯ ಶಾಖದ ಒಂದು ಪಾಲು ಅದನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. 20%ಗಿಂತ ಕಡಿಮೆ ತೇವದ ಸೌದೆ, ಸಣ್ಣ ಸಣ್ಣ ಪ್ರಮಾಣದಲ್ಲಿ, ಪದೇಪದೇ ಹಾಕಿದರೆ ಹೊಗೆ ಬಹಳಷ್ಟು ಇಳಿಯುತ್ತದೆ. ಇದಕ್ಕೆ ಒಂದು ಪೈಸೆ ಉಪಕರಣ ಬೇಡ, ಫೈರ್‌ಮನ್‌ಗೆ ತರಬೇತಿ ಮತ್ತು ಸೌದೆಗೆ ಮಳೆ ಬೀಳದ ಶೆಡ್ ಬೇಕು.

ಉಪಕರಣದ ಮಾತು. ಈ ಅಳತೆಯ ಬಾಯ್ಲರಿಗೆ ಸಾಮಾನ್ಯವಾಗಿ ಇರುವುದು ಸೈಕ್ಲೋನ್ ಅಥವಾ ಮಲ್ಟಿ ಸೈಕ್ಲೋನ್ (ಹೊಗೆಯನ್ನು ಸುತ್ತಿಸಿ ಬೂದಿ ಬೇರ್ಪಡಿಸುವ ಉಪಕರಣ). ದಪ್ಪ ಬೂದಿ ಹಿಡಿಯುತ್ತದೆ, ಸಣ್ಣ ಮಸಿ ಹಿಡಿಯುವುದಿಲ್ಲ. ಕೆಳಗಿನ ಹಾಪರ್‌ನ (ಬೂದಿ ತೊಟ್ಟಿ) ರೋಟರಿ ವಾಲ್ವ್ ಸವೆದು ಗಾಳಿ ಒಳಗೆ ಎಳೆದುಕೊಂಡರೆ ಹಿಡಿದ ಬೂದಿ ಮತ್ತೆ ಮೇಲೆದ್ದು ಚಿಮಣಿಗೇ ಹೋಗುತ್ತದೆ. ನಿಮ್ಮ ಬಟ್ಟೆ ಮೇಲಿನ ಚೂರುಗಳಿಗೆ ಇದೇ ಮೂಲ ಇರಬಹುದು. ಹಾಪರ್ ತುಂಬಿ ಖಾಲಿ ಮಾಡದೆ ಬಿಟ್ಟರೂ ಹೀಗೇ.

ಬ್ಯಾಗ್ ಫಿಲ್ಟರ್ (ಬಟ್ಟೆ ಚೀಲಗಳಲ್ಲಿ ಹೊಗೆ ಶೋಧಿಸುವ ಉಪಕರಣ) ಇದ್ದರೆ ಕತೆ ಬೇರೆ. ಪಾಲಿಯೆಸ್ಟರ್ ಬ್ಯಾಗ್ ಸುಮಾರು 130 ಡಿಗ್ರಿ ದಾಟಿದರೆ ಬಾಳುವುದಿಲ್ಲ, ಸಣ್ಣ ಬಾಯ್ಲರ್ ಹೊಗೆ 200 ಡಿಗ್ರಿ ಆಸುಪಾಸು ಇರುತ್ತದೆ. ಇನ್ನೊಂದು ಕಡೆ, ಬೆಂಕಿ ಹಚ್ಚುವಾಗ ಹೊಗೆ ತಣ್ಣಗೆ, ತೇವವಾಗಿ ಇದ್ದು ಬ್ಯಾಗ್ ಮೇಲೆ ನೀರು ಕಟ್ಟಿ ಬೂದಿ ಕೆಸರಾಗುತ್ತದೆ. ಹಾಗಾಗಿ ಶುರುವಿನಲ್ಲಿ ಬೈಪಾಸ್ ಡ್ಯಾಂಪರ್ ತೆರೆಯುತ್ತಾರೆ. ತೆರೆದಿದ್ದನ್ನು ಮುಚ್ಚುವುದು ಮರೆತರೆ ಇಡೀ ಪಾಳಿ ಹೊಗೆ ಶೋಧನೆಯಿಲ್ಲದೆ ಹೋಗುತ್ತದೆ. ಪರಿಶೀಲನೆಗೆ ಬಂದವರು ಬ್ಯಾಗ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸ ತೋರಿಸುವ ಡಿಪಿ ಗೇಜ್ ನೋಡಬೇಕು. ನೂರು, ನೂರೈವತ್ತು ಮಿ.ಮೀ. ನೀರಿನ ಒತ್ತಡ ತೋರಿಸಿದರೆ ಬ್ಯಾಗ್ ಕೆಲಸದಲ್ಲಿದೆ. ಸೊನ್ನೆಯ ಹತ್ತಿರ ಇದ್ದರೆ ಬ್ಯಾಗ್ ಹರಿದಿದೆ, ಇಲ್ಲವೇ ಬೈಪಾಸ್ ತೆರೆದಿದೆ. ಬಹಳ ಮೇಲಿದ್ದರೆ ಬ್ಯಾಗ್ ಕಟ್ಟಿಕೊಂಡಿದೆ.

ಒಂದು ಎಚ್ಚರಿಕೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಚಿಂದಿ ಬಟ್ಟೆ, ಪ್ಲೈವುಡ್ ಚೂರು ಉರಿಸುತ್ತಿರಬಹುದು. ಸಮ್ಮತಿ ಆದೇಶದಲ್ಲಿ ಹೇಳಿದ ಇಂಧನ ಬಿಟ್ಟು ಬೇರೆ ಉರಿಸಿದರೆ ಅದೇ ಪ್ರತ್ಯೇಕ ಉಲ್ಲಂಘನೆ, ಅಳತೆಯೇ ಬೇಕಾಗಿಲ್ಲ. ಸೌದೆ ರಾಶಿಯ ಪಕ್ಕ ಏನಿದೆ ಎಂಬ ಫೋಟೋ ಸಾಕು.

ಆರ್‌ಟಿಒ ರಸ್ತೆ (ಉತ್ತರ)

ಲಾರಿಗಳ ಬಗ್ಗೆ ಯಾರೂ ಹೇಳಲಿಲ್ಲ. ಅದು ಮಂಡಳಿಯ ಕೈಯಲ್ಲಿಲ್ಲ. ವಾಯು ಕಾಯ್ದೆಯ 20ನೇ ಕಲಂ ನೋಡಿ: ಮಂಡಳಿಯನ್ನು ಕೇಳಿ ಸರ್ಕಾರ ಸೂಚನೆ ಕೊಡುತ್ತದೆ, ಪಾಲಿಸಬೇಕಾದ್ದು ವಾಹನ ನೋಂದಣಿ ಪ್ರಾಧಿಕಾರ. ಅಂದರೆ ಸಾರಿಗೆ ಇಲಾಖೆ, ಜೊತೆಗೆ ಸಂಚಾರ ಪೊಲೀಸರು.

ದೂರಿಗೆ ಬೇಕಾದ್ದು ವಾಹನ ಸಂಖ್ಯೆ, ಸಮಯ, ಹೊಗೆ ಕಾಣುವ ಸಣ್ಣ ವಿಡಿಯೊ. ಎಂಪರಿವಾಹನ್ ಆ್ಯಪ್‌ನಲ್ಲಿ ಸಂಖ್ಯೆ ಹಾಕಿದರೆ ಎಮಿಷನ್ ಸರ್ಟಿಫಿಕೇಟ್ ಅವಧಿ ಕಾಣುತ್ತದೆ. ಬಿಎಸ್ 4, ಬಿಎಸ್ 6 (ಭಾರತ್ ಸ್ಟೇಜ್ ಹೊಗೆ ಮಾನದಂಡ) ವಾಹನಕ್ಕೆ ಒಂದು ವರ್ಷ, ಅದಕ್ಕಿಂತ ಹಳೆಯದಕ್ಕೆ 6 ತಿಂಗಳು. ಅವಧಿ ಮುಗಿದಿದ್ದರೆ ಹೊಗೆ ಅಳೆಯುವ ಗೋಜೇ ಬೇಡ, ನೇರ ಕೇಸ್. ಅವಧಿ ಇದ್ದೂ ಕಪ್ಪು ಹೊಗೆ ಬಿಟ್ಟರೆ ಕೇಂದ್ರ ಮೋಟಾರು ವಾಹನ ನಿಯಮ 116ರಡಿ ಸಬ್ ಇನ್‌ಸ್ಪೆಕ್ಟರ್ ಅಥವಾ ಮೋಟಾರು ವಾಹನ ನಿರೀಕ್ಷಕರು ಮರುಪರೀಕ್ಷೆಗೆ ಲಿಖಿತ ಆದೇಶ ಕೊಡಬಹುದು, ಚಾಲಕ 7 ದಿನದಲ್ಲಿ ಸರ್ಟಿಫಿಕೇಟ್ ತರಬೇಕು. ಬಹಳ ಜನ ಈ ನಿಯಮ ಕೇಳಿಯೇ ಇಲ್ಲ. ದೂರಿನಲ್ಲಿ ಹೆಸರಿಸಿ. ಮೋಟಾರು ವಾಹನ ಕಾಯ್ದೆಯ 190(2) ಪ್ರಕಾರ ದಂಡ 10 ಸಾವಿರದವರೆಗೆ ಇದೆ.

ಡೀಸೆಲ್ ಪರೀಕ್ಷೆ ಅಂದರೆ ಫ್ರೀ ಆಕ್ಸಿಲರೇಶನ್. ಎಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರ್ ಪೂರ್ತಿ ತುಳಿದು ಗರಿಷ್ಠ ಆರ್‌ಪಿಎಂಗೆ ಏರಿಸಿ ಹೊಗೆಯ ಸಾಂದ್ರತೆ ಅಳೆಯುತ್ತಾರೆ. ಮಿತಿ ಹಳೆಯದಕ್ಕೆ ಪ್ರತಿ ಮೀಟರಿಗೆ 2.45, ಬಿಎಸ್ 4ಕ್ಕೆ 1.62, ಬಿಎಸ್ 6ಕ್ಕೆ 0.7. ತಪ್ಪಾಗುವುದು ಎಲ್ಲಿ ಅಂದರೆ ಪೆಡಲ್ ಅರ್ಧ ತುಳಿದರೆ ಹೊಗೆ ಕಮ್ಮಿ, ಪಾಸ್. ಪ್ರಿಂಟ್‌ನಲ್ಲಿ ಐಡಲ್ ಮತ್ತು ಗರಿಷ್ಠ ಆರ್‌ಪಿಎಂ ಇರುತ್ತದೆ, ಗರಿಷ್ಠ ಅನುಮಾನ ಬರುವಷ್ಟು ಕೆಳಗಿದ್ದರೆ ಪರೀಕ್ಷೆಯೇ ಆಗಿಲ್ಲ. ಪೆಟ್ರೋಲ್ ಗಾಡಿಗೆ ಪ್ರೋಬ್ ಸೈಲೆನ್ಸರ್ ಒಳಗೆ ಸುಮಾರು 30 ಸೆಂ.ಮೀ. ಹೋಗಬೇಕು. ತುದಿಯಲ್ಲೇ ಹಿಡಿದರೆ ಹೊರಗಿನ ಗಾಳಿ ಬೆರೆತು ಸಿಒ (ಕಾರ್ಬನ್ ಮಾನಾಕ್ಸೈಡ್) ಅಂಕಿ ಇಳಿಯುತ್ತದೆ, ಮೇಲೆ ಬಾಯ್ಲರಿಗೆ ಹೇಳಿದ ಮೋಸವೇ ಇಲ್ಲೂ.

ಈ ಪರೀಕ್ಷೆಗೆ ಒಂದು ದೊಡ್ಡ ಕೊರತೆಯಿದೆ: ನೈಟ್ರೋಜನ್ ಆಕ್ಸೈಡ್ ಅಳೆಯುವುದೇ ಇಲ್ಲ. ಬಿಎಸ್ 6 ಲಾರಿಯ ಆ್ಯಡ್‌ಬ್ಲೂ ಸಿಸ್ಟಂ (ನೈಟ್ರೋಜನ್ ಆಕ್ಸೈಡ್ ಇಳಿಸುವ ದ್ರವದ ವ್ಯವಸ್ಥೆ) ಕಿತ್ತು, ಅದು ಇದೆ ಎಂದು ಎಂಜಿನ್ ಕಂಪ್ಯೂಟರ್ ನಂಬುವಂತೆ ಮಾಡುವ ಎಮ್ಯುಲೇಟರ್ ಕೂರಿಸಿದರೂ ಎಮಿಷನ್ ಟೆಸ್ಟ್ ಪಾಸಾಗಬಹುದು. ಅದನ್ನು ಹಿಡಿಯಬೇಕಾದ ಜಾಗ ಫಿಟ್‌ನೆಸ್ ತಪಾಸಣೆ.

ತಾರಸಿಮನೆ

ತುಂಬಾ ಉಪಕಾರ. ವರದಿ ಮತ್ತೆ ನೋಡಿದೆ. ಸಿಒ2 5.4% ಎಂದಿದೆ, ತಿದ್ದಿದ ಅಂಕಿ ಇಲ್ಲ. ಸ್ಯಾಂಪಲ್ ಸಮಯ ಬೆಳಗ್ಗೆ 11.30. ಲೋಡ್ ಬರೆದಿಲ್ಲ. ಚಿಮಣಿ ಅಂದಾಜು 15 ಮೀಟರ್, ಪಕ್ಕದ ಕಟ್ಟಡ 13 ಮೀಟರ್. ಇಷ್ಟು ಸಾಕಾ?

ಚಿಮಣಿ ಅಳತೆ

108ನ್ನು 12ರಿಂದ ಗುಣಿಸಿ 5.4ರಿಂದ ಭಾಗಿಸಿದರೆ 240. ಮಿತಿ 150 ಆದೇಶದಲ್ಲಿದ್ದರೆ ಅವರ ವರದಿಯೇ ಅವರ ಉಲ್ಲಂಘನೆಯನ್ನು ತೋರಿಸುತ್ತಿದೆ. ಆದೇಶದಲ್ಲಿ ಮಿತಿ ಇಲ್ಲ ಎಂದಾದರೆ ಎದುರಿಗೆ ನಿಲ್ಲುವುದು 1200, ಆಗ ಕಣಗಳ ಅಂಕಿ ಬಿಟ್ಟು ಚಿಮಣಿ ಎತ್ತರವನ್ನು ಹಿಡಿಯಿರಿ. 13 ಮೀಟರಿನ ಎರಡೂವರೆ ಪಟ್ಟು 32.5, ಇರುವುದು 15.

ಸಮ್ಮತಿಪತ್ರ

ಹೌದು. ಮೊದಲು ಸಿಎಫ್‌ಒ ಪ್ರತಿ ತೆಗೆಯಿರಿ, ಅದು ಬರುವವರೆಗೆ ಕಾಯದೆ ಒಂದು ಪುಟದ ದೂರನ್ನು ಪ್ರಾದೇಶಿಕ ಕಚೇರಿಯ ಪರಿಸರ ಅಧಿಕಾರಿಗೆ ಕೊಟ್ಟು ಮುದ್ರೆ ಹಾಕಿಸಿ. ಅದರಲ್ಲಿ ನಾಲ್ಕು ಸಂಗತಿ ಇರಲಿ: 240ರ ಲೆಕ್ಕ, ಚಿಮಣಿ ಎತ್ತರ, ಬೆಳಗ್ಗೆ 5ರಿಂದ 6ರ ಸಮಯ ನಮೂದಾದ ಫೋಟೋಗಳು, ಮತ್ತು ಅದೇ ಹೊತ್ತಿನಲ್ಲಿ 26ನೇ ಕಲಂ ಪ್ರಕಾರ ಸ್ಯಾಂಪಲ್ ತೆಗೆಯಬೇಕೆಂಬ ಕೋರಿಕೆ. ಲಾರಿಗಳ ವಿಷಯವನ್ನು ಇದರಲ್ಲಿ ಬೆರೆಸಬೇಡಿ, ಅದಕ್ಕೆ ಆರ್‌ಟಿಒಗೆ ಬೇರೆ ಪತ್ರ. ಬೆರೆಸಿದರೆ ಎರಡೂ ಕಚೇರಿ "ನಮ್ಮ ವ್ಯಾಪ್ತಿಯದಲ್ಲ" ಎಂದು ಒಂದನ್ನೊಂದು ತೋರಿಸುತ್ತವೆ. ಏನೂ ಆಗದಿದ್ದರೆ ಚೆನ್ನೈನ ಹಸಿರು ನ್ಯಾಯಮಂಡಳಿ ಪೀಠ ಇದೆ, ಆದರೆ ವಿವಾದಕ್ಕೆ ಕಾರಣ ಮೊದಲು ಎದ್ದ ದಿನದಿಂದ 6 ತಿಂಗಳೊಳಗೆ ಹೋಗಬೇಕು. ತಡವಾಗಿದ್ದಕ್ಕೆ ಸರಿಯಾದ ಕಾರಣ ತೋರಿಸಿದರೆ ಇನ್ನು 60 ದಿನ ಕೊಡಬಹುದು, ಅದರಾಚೆ ಇಲ್ಲ.